ಅಕ್ಷರವಿಲ್ಲದ ಕಲ್ಲಿನ ವಾರಸುದಾರರು

ಮಾನ್ಯ ಆಯುಕ್ತರೇ,

ಊರಿನ ಹಳೆಯ ಸ್ಮಶಾನವನ್ನು ಸಾಂಸ್ಕೃತಿಕ ಅಂಗಳ ಮಾಡಹೊರಟ ನಿಮ್ಮ ಕಚೇರಿ, ನನ್ನ ತಂಗಿಯ ಸಮಾಧಿ ಕಲ್ಲನ್ನು ರಂಗಮಂಚದ ಮೆಟ್ಟಿಲಿಗೆ ಹಾಸಲು ತೀರ್ಮಾನಿಸಿದೆ. ಸುತ್ತುಬಳಸಿ ಹೇಳುವ ತಾಳ್ಮೆ ನನಗಿಲ್ಲ. ಗೇಟಿಗೆ ನಿಮ್ಮ ಪಟ್ಟಿ ಅಂಟಿಸಿದ ದಿನದಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಕಲ್ಲಿನಲ್ಲಿ ಅಕ್ಷರ ಕೆತ್ತುವುದು ನನ್ನ ಕಸುಬು. ಈ ವಾರ ಉಳಿಯನ್ನು ಮೂರು ಸಲ ಮಸೆದು ಮೂರು ಸಲವೂ ಹಾಗೇ ಕೆಳಗಿಟ್ಟಿದ್ದೇನೆ.

ಪಟ್ಟಿಯೇನೋ ಬಹಳ ಅಚ್ಚುಕಟ್ಟಾಗಿದೆ. ಸೇತುವೆ ಕಟ್ಟಿಸಿದ ಇಂಜಿನಿಯರರ ಕಲ್ಲಿಗೆ ಪಾಲಿಶ್ ಮತ್ತು ದೀಪ. ಇನ್ನೂರು ವರ್ಷ ಹಿಂದಿನ ವರ್ತಕರ ಕಲ್ಲಿಗೆ ಗಾಜಿನ ಹೊದಿಕೆ. ಓದಲು ಬರುವ ಉಳಿದ ಕಲ್ಲುಗಳಿಗೆ ಕಾಂಪೌಂಡಿನ ಪಕ್ಕ ಜಾಗ. ಕಟ್ಟಕಡೆಗೆ ಒಂದು ಸಾಲು: ‘ಬರಹವಿಲ್ಲದ ಕಲ್ಲುಗಳು, ಹದಿನೇಳು, ವಾರಸುದಾರರಿಲ್ಲ, ನೆಲಹಾಸಿಗೆ ಬಳಸಬಹುದು.’ ಬರಹವಿಲ್ಲದಿದ್ದರೆ ಅತ್ತವರೂ ಇಲ್ಲವೆಂದು ನಿಮಗೆ ಹೇಳಿದವರು ಯಾರು? ಮೇಲೆ ‘ಪಾಳುಬಿದ್ದ ಜಾಗ’ ಎಂಬ ಶೀರ್ಷಿಕೆ ಬೇರೆ. ಗೇಟಿಗೆ ಬೀಗ ಜಡಿದವರು ನೀವು, ಪಾಳು ಬಿಟ್ಟವರು ನಾವು! ಎಂಬತ್ತು ದಾಟಿದ ನನ್ನ ಅಮ್ಮ ಇಂದಿಗೂ ಪ್ರತಿ ಭಾನುವಾರ ಗೋಡೆ ಕುಸಿದ ಕಡೆಯಿಂದ ಸೀರೆ ಎತ್ತಿ ಕಟ್ಟಿಕೊಂಡು ಒಳಗೆ ಹೋಗುತ್ತಾರೆ. ನಿಮ್ಮ ಸಮೀಕ್ಷೆಯವರು ಭಾನುವಾರ ಕೆಲಸ ಮಾಡುವುದಿಲ್ಲವಷ್ಟೇ.

ಆ ಸ್ಮಶಾನದಲ್ಲಿ ಮೂವತ್ತು ವರ್ಷ ಹೆಸರು ಕೆತ್ತಿದವರು ನನ್ನ ಅಪ್ಪ. ತಂಗಿ ನಾಲ್ಕು ವರ್ಷಕ್ಕೆ ಜ್ವರದಲ್ಲಿ ಹೋದಳು. ಅಪ್ಪ ಹಿತ್ತಲಿನಲ್ಲಿದ್ದ ಒಳ್ಳೆಯ ಕಲ್ಲನ್ನೇ ಆರಿಸಿ, ತಿಂಗಳುಗಟ್ಟಲೆ ಉಜ್ಜಿ ನುಣುಪು ಮಾಡಿ, ತಾವೇ ನೆಟ್ಟು ಬಂದರು. ಹೆಸರು ಆಮೇಲೆ ಎಂದರು. ಪ್ರತಿ ಭಾನುವಾರ ಉಳಿಯ ಚೀಲ ಹೆಗಲಿಗೇರಿಸಿ ಹೋಗುವರು, ಮಧ್ಯಾಹ್ನ ಬರುವರು.

“ಆಯ್ತಾ?” ಎಂದು ಅಮ್ಮ ಬಾಗಿಲಲ್ಲೇ ಕೇಳುವರು.

“ಇವತ್ತು ಬಿಸಿಲು ಜಾಸ್ತಿ, ಕಲ್ಲು ಕಣ್ಣಿಗೆ ಹೊಡೀತಿತ್ತು. ಮುಂದಿನ ವಾರ.”

ಒಂದು ವಾರ ಬಿಸಿಲು, ಇನ್ನೊಂದು ವಾರ ಉಳಿ ಮೊಂಡು. ಹೀಗೆ ಹನ್ನೊಂದು ವರ್ಷ. ಇಡೀ ಊರಿನವರ ಹೆಸರುಗಳನ್ನು ಒಂದು ತಪ್ಪಿಲ್ಲದೆ ಕೆತ್ತಿದ ಮನುಷ್ಯನಿಗೆ ಮಗಳ ಮೂರಕ್ಷರ ಕೆತ್ತಲು ಕೈ ಬರಲಿಲ್ಲ. ಹಾಗೇ ಹೋಗಿಬಿಟ್ಟರು.

ಇದನ್ನೆಲ್ಲ ನಿಮ್ಮ ಕಚೇರಿಯ ಗುಮಾಸ್ತರಿಗೆ ಹೇಳಿದೆ. ಪಾಪ, ಕುರ್ಚಿ ಕೊಟ್ಟು ಕೂರಿಸಿ ಪೂರ್ತಿ ಕೇಳಿದರು.

“ಕಲ್ಲಿನ ಮೇಲೆ ಹೆಸರಿಲ್ಲ ಅಂದ್ರೆ, ನಿಮ್ಮದೇ ಅಂತ ಹೇಗೆ ಗೊತ್ತಾಗ್ಬೇಕು ಮೇಡಂ?”

“ಸ್ಕೂಲಿಂದ ನಿಮ್ಮ ಮಗುನ ಕೊರಳಲ್ಲಿರೋ ಹೆಸರಿನ ಚೀಟಿ ಓದ್ಕೊಂಡು ಕರ್ಕೊಂಡ್ ಬರ್ತೀರಾ?”

ನಕ್ಕು ಒಂದು ಅರ್ಜಿ ಕೊಟ್ಟರು. ಅದರಲ್ಲಿ ‘ಕಲ್ಲಿನ ಮೇಲಿನ ಬರಹದ ನಕಲು’ ಎಂಬ ಅಂಕಣವಿತ್ತು. “ಅದೊಂದನ್ನ ಮಾತ್ರ ಖಾಲಿ ಬಿಡೋ ಹಾಗಿಲ್ಲ” ಎಂದರು.

ನೀನೇ ಹೋಗಿ ಕೆತ್ತಿಬಿಡಬಾರದೇ ಎನ್ನುವಿರಿ. ನನಗೂ ಹಾಗೇ ಅನ್ನಿಸಿ ಅಮ್ಮನನ್ನು ಕೇಳಿದೆ. “ಬೇಡ ಕಣೇ,” ಎಂದರು. “ಅವರ ಕೈಲಿ ಆಗ್ಲಿಲ್ಲ ಅನ್ನೋದು ಆ ಕಲ್ಲಲ್ಲಿದೆ. ನೀನು ಬರೆದ್ರೆ ಅದು ಹೋಗ್ಬಿಡುತ್ತೆ.” ಆಮೇಲೆ ಉಳಿಯ ಮಾತನ್ನು ನಾನು ಎತ್ತಿಲ್ಲ.

ನಿಮ್ಮ ಯೋಜನೆಗೆ ನಾನು ಅಡ್ಡಗಾಲು ಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ಮುಳ್ಳುಕಂಟಿ ಹೋಗಲಿ, ಹಾಡು, ನಾಟಕ, ಮಕ್ಕಳ ಚಿತ್ರಕಲೆ ಎಲ್ಲ ಬರಲಿ. ಸುದ್ದಿ ಕೇಳಿ ಮೊದಲು ಖುಷಿಪಟ್ಟವರೇ ಅಮ್ಮ. “ಅವಳಿಗೂ ಒಂದಿಷ್ಟು ಹಾಡು ಕೇಳ್ಸುತ್ತೆ,” ಎಂದರು. “ಆದ್ರೆ ಅವಳನ್ನ ತುಳ್ಕೊಂಡು ಹತ್ತೋದು ಬೇಡ.” ಒಂದು ಸಮುದಾಯದ ಅಂಗಳಕ್ಕೆ ಇದಕ್ಕಿಂತ ಸಣ್ಣ ಷರತ್ತು ಇದೆಯೇ? ಹಳೆಯ ಮರ ಬಿದ್ದ ಮೂಲೆಯಲ್ಲಿ ಸಮಾಧಿಗಳಿಲ್ಲ. ರಂಗಮಂಚವನ್ನು ಹತ್ತು ಹೆಜ್ಜೆ ಅತ್ತ ಸರಿಸಿ. ಹದಿನೇಳು ಕಲ್ಲುಗಳನ್ನೂ ಇದ್ದಲ್ಲೇ ಬಿಡಿ, ಕುರ್ಚಿಗಳನ್ನು ಅವುಗಳ ಸುತ್ತ ಹಾಕಿ. ಪಟ್ಟಿಯಿಂದ ಆ ಕೊನೆಯ ಸಾಲನ್ನು ತೆಗೆಯಿರಿ. ಉಳಿದ ಹದಿನಾರು ಯಾರವೋ ನನಗೆ ಗೊತ್ತಿಲ್ಲ. ಆದರೆ ಅವುಗಳ ಹಿಂದೆಯೂ ಒಂದೊಂದು ಭಾನುವಾರ ಇದ್ದೀತು.

ಇನ್ನೊಂದು ಮಾತು. ಉದ್ಘಾಟನೆಯ ಫಲಕ ಕೆತ್ತುವ ಕೆಲಸವನ್ನು ನಿಮ್ಮ ಕಚೇರಿ ನನಗೇ ಒಪ್ಪಿಸಿದೆ. ಈ ಕಸುಬಿನಲ್ಲಿ ಊರಲ್ಲಿ ಉಳಿದವಳು ನಾನೊಬ್ಬಳೇ. ಆ ಕಲ್ಲು ಈಗ ನನ್ನ ಅಂಗಡಿಯ ಗೋಡೆಗೆ ಒರಗಿ ನಿಂತಿದೆ. ನಿಮ್ಮ ಪಟ್ಟಿಯ ಆ ಸಾಲು ಹೋಗುವವರೆಗೆ ಅದರ ಮೇಲೆ ಒಂದಕ್ಷರವೂ ಬೀಳುವುದಿಲ್ಲ. ನಿಮ್ಮದೇ ನಿಯಮದ ಪ್ರಕಾರ ಅದಕ್ಕೆ ಸದ್ಯ ವಾರಸುದಾರರಿಲ್ಲ. ಅಂಗಡಿಯ ಮೆಟ್ಟಿಲಿಗೆ ಹಾಸಿಕೊಂಡರೂ ಯಾರೂ ಕೇಳುವಂತಿಲ್ಲ. ಗಾಬರಿಯಾಗಬೇಡಿ, ಹಾಸುವುದಿಲ್ಲ. ಹೆಸರಿಲ್ಲದ ಕಲ್ಲಿನ ಮೇಲೆ ಕಾಲಿಡಲು ನಮ್ಮ ಮನೆಯಲ್ಲಿ ಯಾರಿಗೂ ಆಗುವುದಿಲ್ಲ.

ಇಂತಿ,
ನಿಮ್ಮ ಹೆಸರನ್ನು ಇನ್ನೂ ಕೆತ್ತಲಾಗದೆ ಕೂತಿರುವ,
ಅಪ್ಪನ ಕೈಯೇ ಬಂದಿರುವ ಮಗಳು