ಮಾತ್ರೆ ಬಿಟ್ಟ ಅಕ್ಕನಿಗೆ

ಅಕ್ಕಾ,

ಇಲ್ಲಿ ಪ್ರಯೋಗಾಲಯದಲ್ಲಿ ಬೀಟ್‌ರೂಟಿನ ಬಣ್ಣ ಬಸಿಯುವುದು ನನ್ನ ಕೆಲಸ. ಬೆಳಕು ತಾಗಿದರೆ ಮಾಸುತ್ತದೆಂದು ಸೀಸೆಗಳಿಗೆ ಕಪ್ಪು ಕಾಗದ ಸುತ್ತುತ್ತೇವೆ. ಆ ಬಣ್ಣ ಉರಿಯೂತ ಇಳಿಸುತ್ತದೆಂದು ಹೋದ ಕಾರ್ಡಿನಲ್ಲಿ ಜಂಬ ಕೊಚ್ಚಿದ್ದೆ. ನೀನು ಅದನ್ನು ನಂಬಿ ಮಂಡಿನೋವಿನ ಮಾತ್ರೆ ಬಿಟ್ಟು ಬರೀ ಬೀಟ್‌ರೂಟ್ ರಸ ಕುಡಿದೆಯೆಂದೂ, ಈಗ ಮಂಡಿ ಊದಿ ಗೋಡೆ ಹಿಡಿದು ನಡೆಯುತ್ತಿದ್ದೀಯೆಂದೂ ಭಾವ ಬರೆದಿದ್ದಾರೆ. ಓದಿದವಳೇ ಇಲ್ಲಿನ ನಮ್ಮ ಮೇಡಂ ಹತ್ತಿರ ಓಡಿದೆ. ಅವರು ಗಾಜಿನ ತಟ್ಟೆ ತೋರಿಸಿ, "ಉರಿಯೂತ ಇಳಿದಿದ್ದು ಇದರಲ್ಲಿರೋ ಜೀವಕೋಶಗಳಲ್ಲಿ, ಅಷ್ಟೇ. ಮನುಷ್ಯರ ಮಂಡೀಲಿ ಏನಾಗುತ್ತೋ ನಮಗಿನ್ನೂ ಗೊತ್ತಿಲ್ಲಮ್ಮ" ಎಂದರು.

ತಪ್ಪು ನನ್ನದು. ರಸ ಬೇಕಾದರೆ ಕುಡಿ. ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳಿ ಇವತ್ತೇ ಶುರುಮಾಡು. ಜಾಗ ಮುಗಿಯಿತು. ಮೂಲೆಯ ಕೆಂಪು ಕಲೆ ನನ್ನ ಹೆಬ್ಬೆರಳಿನದು. ನಿನ್ನ ಕೈ ಸೇರುವಷ್ಟರಲ್ಲಿ ಮಾಸಿರುತ್ತದೆ. ನೋಡಿಕೋ, ನೀನು ನೆಚ್ಚಿಕೊಂಡಿದ್ದು ಇದನ್ನು.

ನಿನ್ನ ತಂಗಿ