ಕೊನೆಯ ಮೆಟ್ಟಿಲಿನ ಸದ್ದು

ದೊಡ್ಡಪ್ಪನಿಗೆ ನಮಸ್ಕಾರಗಳು.

ಹೀಗೆ ಇದ್ದಕ್ಕಿದ್ದಂತೆ ಕಾರ್ಡ್ ಬರೆಯುತ್ತಿರುವುದಕ್ಕೆ ಸಾರಿ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಸುದ್ದಿಯೋ ನನ್ನ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ.

ಡಿಸೈನ್ ಕ್ಲಾಸಿನ ಮೇಡಂ, ಕಾಲೇಜು ಕಟ್ಟಡವನ್ನು ಗಮನಿಸಿ ಮಾಡಬೇಕಿದ್ದ ನನ್ನ ಎರಡು ಶೀಟುಗಳನ್ನು "ಇದು ಪುಸ್ತಕದ್ದು, ನಿಂದೆಲ್ಲಿ?" ಎಂದು ವಾಪಸ್ ಕೊಟ್ಟಿದ್ದರು. ಮೂರನೆಯದೂ ಹೋದರೆ ಸಬ್ಜೆಕ್ಟೇ ಫೇಲ್. ಟೆನ್ಶನ್‌ನಲ್ಲಿ ಕಾಲೇಜಿನ ಮೆಟ್ಟಿಲ ಬಳಿ ಕೂತಿದ್ದೆ. ಹತ್ತುವವರ ಚಪ್ಪಲಿ ಟಪ್ ಟಪ್ ಎನ್ನುತ್ತಾ ಹೋಗಿ ಕೊನೆಗೆ ಮಾತ್ರ ಧಪ್ ಎನ್ನುತ್ತಿತ್ತು. ಎಲ್ಲರದೂ! ಓಡಿಹೋಗಿ ಅಳೆದರೆ ಕೊನೆಯ ಮೆಟ್ಟಿಲು ಉಳಿದವಕ್ಕಿಂತ ಮುಕ್ಕಾಲು ಇಂಚು ಹೆಚ್ಚು ಎತ್ತರ. ಮೊದಲ ದಿನ ನಾನು ಎಡವಿದ್ದೂ ಅಲ್ಲೇ. ಆ ಸದ್ದನ್ನು ತಾಳದ ಹಾಗೆ ಚುಕ್ಕಿಗಳಲ್ಲಿ ಬರೆದು, ಪಕ್ಕದಲ್ಲಿ ಕಾಲುಗಳ ಫೋಟೋ ಅಂಟಿಸಿ ಕೊಟ್ಟೆ. ಮೇಡಂ ನಕ್ಕೇಬಿಟ್ಟರು. "ಇಪ್ಪತ್ತು ವರ್ಷದಿಂದ ಹತ್ತುತ್ತಿದ್ದೀನಿ ಕಣೋ. ನನ್ನ ಕಾಲಿಗೆ ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ! ಮೇಸ್ತ್ರಿ ಯಾಕೆ ಹೀಗೆ ಕಟ್ಟಿದ ಅಂತ ಕೇಳ್ಕೊಂಡು ಬಾ, ಪಾಸ್ ಮಾಡ್ತೀನಿ." ಮುಂದಿನ ವಾರದೊಳಗೆ ಹೇಳಬೇಕು. ನನಗೆ ಗೊತ್ತಿರುವ ಮೇಸ್ತ್ರಿ ನೀವೊಬ್ಬರೇ.

ಕಳೆದ ರಜೆಯಲ್ಲಿ ಎಡವಿ ಆದ ಹೆಬ್ಬೆರಳಿನ ಗಾಯ ಒಣಗಿದೆ, ದೊಡ್ಡಮ್ಮನಿಗೆ ಹೇಳಿ.

ಅಂದಹಾಗೆ, ನಮ್ಮ ಮಹಡಿಯ ಕೊನೆಯ ಮೆಟ್ಟಿಲಿನಲ್ಲೂ ರಜೆಗೆ ಬಂದಾಗಲೆಲ್ಲ ಎಡವುತ್ತೇನೆ. "ಹಾಸ್ಟೆಲ್ ಕಾಲು, ಮನೆ ಮರೆತಿದೆ" ಎಂದು ನೀವೆಲ್ಲ ನಗುತ್ತೀರಿ. ಅದನ್ನು ಕಟ್ಟಿದವರು ನೀವೇ ಅಲ್ಲವೇ ದೊಡ್ಡಪ್ಪ? ದಯವಿಟ್ಟು ಟೇಪ್ ಹಿಡಿದು ಅಳೆದು ನೋಡಿ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಎಷ್ಟು ಇಂಚು, ಯಾಕೆ ಹಾಗಾಯಿತು, ಎರಡನ್ನೂ ಬರೆದು ಬೇಗ ಉತ್ತರ ಹಾಕಿ.

ಇಂತಿ,
ಹಾಸ್ಟೆಲ್ ಕಾಲು