ಕೊರಿಯನ್ ಮಿಲಿಟರಿ ಹೋಟೆಲ್ಲು

ನವೆಂಬರ್ 7, ಶುಕ್ರವಾರ

ಆಫೀಸಿನಿಂದ ನೇರ ಮಿಸೆಸ್ ಚೋ ಹೋಟೆಲ್ಲಿಗೆ. ಈ ಡಚ್ ಊರು ಆಮ್ಸ್ಟೆಲ್‌ವೀನ್‌ಗೆ ಬಂದಾಗಿನಿಂದ ಶುಕ್ರವಾರ ಅಲ್ಲೇ ಊಟ. ಹೋಟೆಲ್ ನಮಗಿಂತ ಮುಂಚಿನದು, ಇಪ್ಪತ್ತು ವರ್ಷ ದಾಟಿದೆ. ಆರ್ಮಿ ಸ್ಟ್ಯೂ ಕೇಳಿದೆ. ಸಾಸೇಜು, ಡಬ್ಬಿ ಮಾಂಸ, ಹುಳಿ ಬಂದ ಎಲೆಕೋಸಿನ ಕಿಮ್ಚಿ, ಇನ್‌ಸ್ಟಂಟ್ ನೂಡಲ್ಸ್, ಮೇಲೊಂದು ಚೀಸ್ ಸ್ಲೈಸ್ — ಟೇಬಲ್ ಮೇಲೇ ಕುದಿಯುವ ಕೆಂಪು ಸಾರು. ಕೊರಿಯಾ ಯುದ್ಧದ ನಂತರ ಅಮೆರಿಕನ್ ಕ್ಯಾಂಪಿನ ಡಬ್ಬಿಗಳಿಂದ ಹುಟ್ಟಿದ್ದಂತೆ. ಅದಕ್ಕೇ ನನ್ನ ಗಂಡ ಸುಜಯ್ ಇದನ್ನು ಮಿಲಿಟರಿ ಹೋಟೆಲ್ಲು ಅನ್ನುವುದು.

"ಟೂ ಪರ್ಸನ್ ಮಿನಿಮಮ್," ಅಂದರು ಮಿಸೆಸ್ ಚೋ. ಇಬ್ಬರ ಬಿಲ್ ಕೊಡುತ್ತೇನೆ ಅಂದೆ. ಅರ್ಧ ಚೆಲ್ಲುವುದಕ್ಕೆ ನಾನು ಮಾಡುವುದಿಲ್ಲ ಅಂದರು. ಗಂಡ ಎಲ್ಲಿ?... ಆಫೀಸಲ್ಲಿ, ಅಂದೆ.

ಗಂಡ ದೂರದ ಟಿಲ್‌ಬರ್ಗ್‌ನಲ್ಲಿ, ಫ್ರೆಂಡ್ ತ್ಯಾಗರಾಜನ ಮನೆಯಲ್ಲಿ. ಜಗಳವಾಡಿ ಹೋಗಿ ಮೂರು ವಾರ. ನನ್ನನ್ನು ಒಂದು ಮಾತು ಕೇಳದೆ ಅವರಮ್ಮನಿಗೆ ಹೇಳಿಬಿಟ್ಟಿದ್ದಾನೆ — ಬೇಸಿಗೆಗೆ ಇಬ್ಬರೂ ಮೈಸೂರಿಗೆ ವಾಪಸ್, ಪರ್ಮನೆಂಟಾಗಿ. ನನ್ನ ಕೆಲಸ? ಯಾರ ಲೆಕ್ಕಕ್ಕೂ ಇಲ್ಲ.

ಅನ್ನ, ಕಿಮ್ಚಿ ತಿಂದು ಬಂದೆ.

ನವೆಂಬರ್ 14, ಶುಕ್ರವಾರ

ಆಫೀಸಿನ ಚರಣ್‌ನನ್ನು ಎಳೆದುಕೊಂಡು ಹೋದೆ. ಪಾತ್ರೆ ಟೇಬಲ್‌ಗೆ ಬಂದ ಮೇಲೆ ಹೇಳುತ್ತಾನೆ, "ನಾನು ಈ ವರ್ಷ ಜನವರಿಯಿಂದಲೇ ಫುಲ್ ವೆಜ್, ಮಾನಸ." ಸಾಸೇಜನ್ನೆಲ್ಲ ನನ್ನ ಕಡೆ ತಳ್ಳಿ ನೂಡಲ್ಸ್ ತಿಂದ. ಸಾರೇ ಮೂಳೆಯದು ಅಂದೆ. ಚಮಚ ಕೆಳಗಿಟ್ಟ. ಜಗಳದ ವಿಷಯ ಹೇಳಿದ ಮೇಲೆ ಬರೀ ಉಪದೇಶ. ಗಂಡ ಹೆಂಡತಿ ಅಂದಮೇಲೆ ಅಡ್ಜಸ್ಟ್ ಮಾಡ್ಕೋಬೇಕಂತೆ. ಮದುವೆಯಾಗದವನು.

ನವೆಂಬರ್ 16, ಭಾನುವಾರ

ಅಮ್ಮನ ವಿಡಿಯೋ ಕಾಲ್. "ಸುಜಯ್‌ಗೆ ಕೊಡೇ."

ಜಿಮ್‌ಗೆ ಹೋಗಿದ್ದಾನೆ ಅಂದೆ.

"ಪ್ರತಿ ಸಲಾನೂ ಜಿಮ್ಮೇ. ತೆಳ್ಳಗಾಗಿದ್ದಾರಾ?"

ಆಗಿದ್ದಾನೆ ಅಂದೆ. ಇನ್ನೇನು ಹೇಳಲಿ.

ನವೆಂಬರ್ 28, ಶುಕ್ರವಾರ

ಹೋಗಬಾರದು ಅಂದುಕೊಂಡು ಹೋದೆ. ಮಿಸೆಸ್ ಚೋ ಮೆನು ಕೂಡ ಕೊಡಲಿಲ್ಲ. "ಮಂಗಳವಾರ ನಿನ್ನ ಗಂಡ ಬಂದಿದ್ದ. ಒಬ್ಬನೇ. ಸ್ಟ್ಯೂ ಕೊಡಲಿಲ್ಲ. ಹೆಂಡತಿ ಎಲ್ಲಿ ಅಂದರೆ ಆಫೀಸು ಅಂದ. ನಿಮ್ಮಿಬ್ಬರದೂ ಒಂದೇ ಆಫೀಸಾ?"

ಟಿಲ್‌ಬರ್ಗ್‌ನಿಂದ ಟ್ರೇನು, ಟ್ರಾಮು ಹಿಡಿದು ಬಂದಿದ್ದಾನೆ. ಹೋಟೆಲ್ಲಿಂದ ನಮ್ಮ ಮನೆ ಪಕ್ಕದ ಬೀದಿಯಲ್ಲೇ. ಬೆಲ್ ಒತ್ತಲಿಲ್ಲ. ಮೈಯೆಲ್ಲ ಉರಿಯಿತು.

ನವೆಂಬರ್ 29

ಸುಜಯ್‌ಗೆ ಫೋನ್ ಮಾಡಿದೆ.

"ಬೆಲ್ ಮಾಡೋಕೆ ಏನಾಗಿತ್ತು?"

"ಬಾಗಿಲು ತೆಗೀತಿದ್ಯಾ?"

"ಇಲ್ಲ."

"ಮತ್ತೆ?"

ಶುಕ್ರವಾರ ಹೋಟೆಲ್ಲಿಗೆ ಬಾ ಅಂದೆ. ಊಟಕ್ಕಲ್ಲ, ಜಗಳಕ್ಕೆ.

ಡಿಸೆಂಬರ್ 5, ಶುಕ್ರವಾರ

ಸಿಂಟರ್‌ಕ್ಲಾಸ್ ಸಂಜೆ, ಇಲ್ಲಿ ಮಕ್ಕಳಿಗೆ ಉಡುಗೊರೆ ಕೊಡುವ ಹಬ್ಬ. ಡಚ್ಚರೆಲ್ಲ ಮಕ್ಕಳ ಜೊತೆ ಮನೆಯಲ್ಲಿ, ಹೋಟೆಲ್ ಖಾಲಿ. ಸುಜಯ್ ಗಡ್ಡ ಬಿಟ್ಟಿದ್ದಾನೆ. ಚೆನ್ನಾಗಿಲ್ಲ.

"ಅಮ್ಮ ಕೇಳಿದ್ರು, ಹೂಂ ಅಂದ್ಬಿಟ್ಟೆ ಕಣೇ."

"ನನ್ನ ಪರವಾಗೂ ನೀನೇ ಹೂಂ ಅಂದ್ಯಲ್ಲ."

ನೂಡಲ್ಸ್ ಮುದ್ದೆಯಾಯಿತು. ಮಿಸೆಸ್ ಚೋ ಬಂದು, ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ, ಗ್ಯಾಸ್ ಸಣ್ಣ ಮಾಡಿ ಹೋದರು.

ಸುಜಯ್ ಫೋನ್ ತೆಗೆದ. ಸ್ಪೀಕರ್ ಹಾಕಿ ಅವರಮ್ಮನಿಗೇ ಮಾಡಿದ. ನನಗೆ ಹೆದರಿಕೆಯಾಯಿತು.

"ಅಮ್ಮಾ, ವಾಪಸ್ ಬರ್ತೀವಿ ಅಂದಿದ್ನಲ್ಲ. ಮಾನಸನ್ನ ಕೇಳೇ ಇರ್ಲಿಲ್ಲ. ಕೇಳಿದೀನಿ ಅಂತ ಸುಳ್ಳು ಹೇಳ್ದೆ."

ಆ ಕಡೆಯಿಂದ ನಾಗಮಣಿ ಅತ್ತೆ ಮೆಲ್ಲಗೆ, "ಮೇಲಿನ ರೂಮಿಗೆ ಬಣ್ಣ ಹೊಡೆಸಿಬಿಟ್ನಲ್ಲೋ..." ಅಂದರು. "ಅವಳು ಅಲ್ಲೇ ಇದಾಳಾ? ಊಟ ಆಯ್ತೇನಮ್ಮ?"

"ಆಗ್ತಾ ಇದೆ ಅತ್ತೆ," ಅಂದೆ.

ಡಿಸೆಂಬರ್ 6, ಬೆಳಿಗ್ಗೆ

ಸುಜಯ್ ರಾತ್ರಿ ನನ್ನ ಜೊತೆ ಮನೆಗೆ ಬಂದು ಸೋಫಾ ಮೇಲೆ ಮಲಗಿದ್ದ. ಎದ್ದು ಸ್ನಾನ ಮಾಡಿ ಒದ್ದೆ ಟವೆಲ್ ಆಗಲೇ ನನ್ನ ಕುರ್ಚಿಯ ಮೇಲೆ ಹಾಕಿದ್ದಾನೆ. ಸಿಟ್ಟು ಇಳಿದಿಲ್ಲ. ಆದರೂ ಕೇಳಿದೆ — ನಿನಗೆ ನಿಜಕ್ಕೂ ವಾಪಸ್ ಹೋಗಬೇಕಾ?

"ಹೋಗ್ಬೇಕು ಕಣೇ. ತುಂಬಾ."

ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಹೇಳಿದ್ದು ಇದೇ ಮೊದಲು. ತ್ಯಾಗರಾಜನಿಗೆ ಗೊತ್ತು, ಅವರಮ್ಮನಿಗೆ ಗೊತ್ತು... ಯಾಕೆ ಅಂದೆ. ಕಾಫಿ ತರ್ತೀನಿ, ಕೂತ್ಕೊಂಡು ಹೇಳ್ತೀನಿ ಅಂದ. ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ. ಬರುತ್ತಿದ್ದಾನೆ. ಒಪ್ಪುತ್ತೇನೆ ಅಂತಲ್ಲ. ಬರೀ ಕೇಳಿಸಿಕೊಳ್ಳುತ್ತೇನೆ. ಡೈರಿ ಮುಚ್ಚಬೇಕು—